ಕರುವಿನ ಗಜಕರ್ಣವೂ ಪ್ರಾಣವಾಯುವಿನ ಬೆಂಕಿಯೂ

ಕಳೆದ ವರುಷ ದೀಪಾವಳಿಯ ರಜೆ ತೀರಿ ಶಾಲೆ ತೆರೆದ ಮೊದಲನೆಯ ವಾರದಲ್ಲಿ, ಏಳನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿಯು ಬೆಂಚಿನ ತುದಿಗೆ ಒಬ್ಬನೇ ಕುಳಿತಿರುವದು ನಮ್ಮ ಕಣ್ಣಿಗೆ ಬಿದ್ದಿತು. ಅವನ ಬಲಗೈಯ ಮುಂದೋಳಿನ ಮೇಲೆ ರೂಪಾಯಿಯಗಲದ ಎರಡು ಕೆಂಪು ಉಂಗುರಗಳೂ ಕಿವಿಯ ಕೆಳಗೆ ಇನ್ನೊಂದೂ ಎದ್ದಿದ್ದವು. ಸಂಗಡಿಗರು ಅವನ ಪಾಟಿಚೀಲವನ್ನು ಸಹ ಮುಟ್ಟುತ್ತಿರಲಿಲ್ಲ. ನಾವು ಹೆಚ್ಚಿಗೆ ವಿಚಾರಿಸದೆ, "ಪೂರ್ಣ ವಾಸಿಯಾದ ಮೇಲೆ ಶಾಲೆಗೆ ಬರತಕ್ಕದ್ದು" ಎಂದು ಪಾಲಕರಿಗೆ ಚೀಟಿ ಬರೆದು ಅವನನ್ನು ಮನೆಗೆ ಕಳಿಸಿಬಿಟ್ಟೆವು. ಒಂದು ತಿಂಗಳು ಕಳೆದರೂ ಹುಡುಗನ ಸುಳಿವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಬಿದ್ದ ಗೈರುಹಾಜರಿಯ ಗುರುತುಗಳನ್ನು ನೋಡಿದ ಮೇಲೆ, ನಮ್ಮ ಚೀಟಿಯು ಸರಿಯಾದುದಾಗಿತ್ತೇ ಎಂಬ ಸಂಶಯವು ನಮ್ಮನ್ನು ಕಾಡತೊಡಗಿತು. ಒಂದು ರವಿವಾರ ವಿಜ್ಞಾನದ ಗುರುಗಳನ್ನು ಕರೆದುಕೊಂಡು ಅವರ ವಸ್ತಿಗೆ ಹೋದೆವು.

ಅಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಕೂಡಲೇ ಅರ್ಧ ಸಂಗತಿ ತಿಳಿದುಹೋಯಿತು. ಖಿಲ್ಲಾರಿ ತಳಿಯ ಎರಡು ಎಳೆಗರುಗಳು. ಒಂದಕ್ಕೆ ನಾಲ್ಕು ತಿಂಗಳು, ಮತ್ತೊಂದಕ್ಕೆ ಏಳು. ಎರಡರ ಕಣ್ಣಿನ ಸುತ್ತಲೂ, ಗಲ್ಲದ ಮೇಲೂ, ಕೊರಳಿನಲ್ಲಿಯೂ ಕೂದಲು ಉದುರಿ, ಬೂದಿಯನ್ನು ನೀರಿನಲ್ಲಿ ಕಲಸಿ ಮೆತ್ತಿದಂತೆ ದಪ್ಪನ್ನ ಬಿಳಿಯ ಹೊಪ್ಪಳಿಕೆ ಕಟ್ಟಿತ್ತು. ಹುಡುಗನು ದಿನಾಲು ಅವುಗಳ ಕೊರಳನ್ನು ಬಲಗೈಯಿಂದ ತಬ್ಬಿಕೊಂಡು ಹಿಂಡಿ ತಿನ್ನಿಸುತ್ತಿದ್ದನಂತೆ. ಅವನ ಕೈಯ ಉಂಗುರಗಳು ಎಲ್ಲಿಂದ ಬಂದುವೆಂಬುದನ್ನು ಮತ್ತೆ ಕೇಳಬೇಕಾಗಲಿಲ್ಲ. ತಂದೆಯು ಯಾರದೋ ಮಾತು ಕೇಳಿ ಕರುಗಳ ಮೈಗೆ ಟ್ರ್ಯಾಕ್ಟರಿನಿಂದ ತೆಗೆದ ಕರ್ರಗಿನ ಹಳೆಯ ಎಣ್ಣೆಯನ್ನು ಸವರಿದ್ದನು. ಹುಡುಗನ ಕೈಗೆ ಅಂಗಡಿಯಿಂದ ಒಂದು ಮುಲಾಮಿನ ಕೊಳವೆ ಬಂದಿತ್ತು. ಹಚ್ಚಿದ ನಾಲ್ಕು ದಿನದಲ್ಲಿ ತುರಿಕೆ ನಿಂತಿತು, ಎಲ್ಲರಿಗೂ ಸಂತೋಷವಾಯಿತು, ಆಮೇಲೆ ಉಂಗುರಗಳು ಅಂಗೈಯಗಲವಾದವು. ನಾವು ನೋಡಿದಾಗ ಅವು ಮೊಣಕೈ ದಾಟಿದ್ದವು.

ಮರುದಿನ ಸರಕಾರಿ ಪಶುವೈದ್ಯರನ್ನು ಕರೆಯಿಸಿದೆವು. ಅವರು ಹೇಳಿದ್ದನ್ನೂ, ಆ ಬಳಿಕ ನಾವು ಓದಿ ತಿಳಿದುಕೊಂಡದ್ದನ್ನೂ, ಒಂಬತ್ತನೆಯ ಇಯತ್ತೆಯಲ್ಲಿ ಮಾಡಿ ತೋರಿಸಿದ ಕೆಲವು ಪ್ರಯೋಗಗಳನ್ನೂ ಕೂಡಿಸಿ ಈ ಪಾಠವನ್ನು ಬರೆದಿದ್ದೇವೆ. ದನಕರು ಕಟ್ಟಿದ ಮನೆಗಳಿಂದ ಬರುವ ಮಕ್ಕಳೇ ನಮ್ಮ ಶಾಲೆಯಲ್ಲಿ ಹೆಚ್ಚು. ಆದ್ದರಿಂದ ಪಾಲಕರೂ ಇದನ್ನು ಓದಬೇಕೆಂದು, ಓದಲು ಬಾರದವರಿಗೆ ಮಕ್ಕಳು ಓದಿ ಹೇಳಬೇಕೆಂದು ನಮ್ಮ ಪ್ರಾರ್ಥನೆ.

ಮೊದಲು ಹೆಸರಿನ ಮಾತು. ಈ ರೋಗಕ್ಕೆ ನಾವು ಗಜಕರ್ಣವೆನ್ನುತ್ತೇವೆ, ಹುಳುಕಡ್ಡಿ ಎಂದೂ ಅನ್ನುತ್ತೇವೆ. ನಮ್ಮ ನೆರೆಯ ಮರಾಠಿ ಬಂಧುಗಳು ಗಜಕರ್ಣವೆಂದೂ ನಾಯಟಾ ಎಂದೂ ಕರೆಯುವರು. ಇಂಗ್ಲಿಷಿನವರು ಇದಕ್ಕೆ ರಿಂಗ್‌ವರ್ಮ್, ಅಂದರೆ ಉಂಗುರದ ಹುಳು ಎಂದು ಹೆಸರಿಟ್ಟರು. ಹುಳುಕಡ್ಡಿಯಲ್ಲಿಯೂ ಹುಳುವಿದೆ, ರಿಂಗ್‌ವರ್ಮಿನಲ್ಲಿಯೂ ಹುಳುವಿದೆ. ರೋಗದಲ್ಲಿ ಮಾತ್ರ ಹುಳುವಿಲ್ಲ. 1841ರಲ್ಲಿ ಪ್ಯಾರಿಸಿನಲ್ಲಿ ನೆಲೆಸಿದ್ದ ಡೇವಿಡ್ ಗ್ರೂಬಿ ಎಂಬ ಹಂಗೇರಿ ಮೂಲದ ವೈದ್ಯನು ಮಕ್ಕಳ ತಲೆಯ ಹೊಪ್ಪಳಿಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದರಲ್ಲಿ ಬೂಷ್ಟಿನ ಎಳೆಗಳನ್ನು ಕಂಡು, ಇದು ಶಿಲೀಂಧ್ರದಿಂದ ಆಗುವ ರೋಗವೆಂದು ಸಾರಿದನು. ಹಳಸಿದ ರೊಟ್ಟಿಯ ಮೇಲೆ, ಒದ್ದೆಯಾದ ಚರ್ಮದ ಚಪ್ಪಲಿಯ ಮೇಲೆ ಬೆಳೆಯುವ ಬೂಷ್ಟಿನ ದೂರದ ಬಳಗವಿದು. ದನಗಳಲ್ಲಿ ಹೆಚ್ಚಾಗಿ ಕಾಣುವ ಜಾತಿಗೆ ಟ್ರೈಕೊಫೈಟಾನ್ ವೆರುಕೋಸಮ್ ಎಂದು ಹೆಸರು.

ಈ ಬೂಷ್ಟಿನ ಆಹಾರವು ವಿಚಿತ್ರವಾದದ್ದು. ಕೂದಲು, ಉಗುರು, ಕೊಂಬು, ಗೊರಸು, ಚರ್ಮದ ಮೇಲ್ಪದರು, ಇವೆಲ್ಲ ಕೆರಟಿನ್ ಎಂಬ ಒಂದೇ ವಸ್ತುವಿನಿಂದ ಆದವು. ಹೆಚ್ಚಿನ ಜೀವಿಗಳು ಜೀರ್ಣಿಸಿಕೊಳ್ಳಲಾರದ ಆ ಕೆರಟಿನ್ನನ್ನು ಇದು ಕರಗಿಸಿ ತಿನ್ನುವದು. ಒಂದು ಕಡೆ ಬೇರೂರಿ ಸುತ್ತಲೂ ಸಮನಾಗಿ ಹರಡುತ್ತ ಹೋಗುವದರಿಂದ ಉಂಗುರದ ಆಕಾರ ಬರುವದು. ಹೊರಗಣ ಅಂಚಿನಲ್ಲಿ ಕಾದಾಟ ನಡೆದಿರುವಾಗ ನಡುವಣ ಭಾಗವು ಮಾಯುತ್ತಿರುವದು. ಕೂದಲ ಬುಡದಲ್ಲಿ ಸಣ್ಣ ಮಣಿಗಳಂತಹ ಬೀಜಕಣಗಳನ್ನು ಅದು ಬಿಡುತ್ತದೆ. ಪಶುವೈದ್ಯರು ಕರುವಿನ ನಾಲ್ಕಾರು ಕೂದಲುಗಳನ್ನು ಕಿತ್ತು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣದಲ್ಲಿ ನೆನೆಸಿ, ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿಯೇ ತೋರಿಸಿದರು. ಕೂದಲಿನ ಸುತ್ತಲೂ ಮುತ್ತಿನ ಸರಗಳಂತೆ ಆ ಕಣಗಳು ಸಾಲುಗಟ್ಟಿದ್ದವು. ಇವು ಗೂಟದಲ್ಲಿ, ಕಣ್ಣಿಹಗ್ಗದಲ್ಲಿ, ಗೋದಲಿಯ ಸಂದಿನಲ್ಲಿ, ಮೈ ತಿಕ್ಕುವ ಬ್ರಶ್ಶಿನಲ್ಲಿ ವರುಷಗಟ್ಟಲೆ ಸಾಯದೆ ಉಳಿಯಬಲ್ಲವು. ಮಾರಿದ ಕರುವಿನ ಹಗ್ಗವನ್ನೇ ಹೊಸ ಕರುವಿಗೆ ಕಟ್ಟುವ ನಮ್ಮ ಮಿತವ್ಯಯವು ರೋಗಕ್ಕೆ ಎಷ್ಟು ಅನುಕೂಲವೆಂಬುದನ್ನು ವಿಚಾರಿಸಿರಿ.

ಅಂಟಿದ ಮೇಲೆ ಒಂದರಿಂದ ನಾಲ್ಕು ವಾರಗಳಲ್ಲಿ ಗಾಯ ಕಾಣಿಸುವದು. ಎಳೆಗರುಗಳಿಗೇ ಹೆಚ್ಚು. ಚಳಿಗಾಲದಲ್ಲಿ ಕತ್ತಲೆಯ ಕೊಟ್ಟಿಗೆಯಲ್ಲಿ ಒಂದರ ಮೈ ಒಂದಕ್ಕೆ ತಾಗುವಂತೆ ಕಟ್ಟಿದಾಗ ಬಲು ಬೇಗ ಹಬ್ಬುವದು. ಬರಗಾಲದ ವರುಷಗಳಲ್ಲಿ ಮೇವಿನ ಛಾವಣಿಗಳಲ್ಲಿ ಹಲವು ಊರಿನ ದನಗಳು ಒಂದೇ ಸಾಲಿನಲ್ಲಿ ನಿಂತಾಗ ಹೇಗಾಗುವದೆಂಬುದನ್ನು ಜತ್ತ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ಕರು ಗಟ್ಟಿಯಾಗಿದ್ದರೆ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುವದೂ ಉಂಟು. ಪ್ರಾಣಕ್ಕೆ ಅಪಾಯವಿರುವದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮೈಮೇಲೆ ಏನಾದರೂ ಎದ್ದ ಕೂಡಲೇ ಈಗ ಎಲ್ಲರೂ ಚರ್ಮಗಂಟು ರೋಗವೆಂದು ಹೆದರುತ್ತಾರೆ. ಹೆದರಿಕೆ ಸಹಜವೇ, ಆ ರೋಗವು ನಮ್ಮ ದೇಶದಲ್ಲಿ 2019ರಲ್ಲಿ ಮೊದಲು ಒರಿಸ್ಸಾದಲ್ಲಿ ಕಾಣಿಸಿಕೊಂಡು, 2022ರಲ್ಲಿ ಮಹಾರಾಷ್ಟ್ರವನ್ನೂ ಸೇರಿಸಿ ಅನೇಕ ರಾಜ್ಯಗಳ ದನಗಳನ್ನು ಬಲಿ ತೆಗೆದುಕೊಂಡಿತು, ದನದ ಸಂತೆಗಳು ನಿಂತುಹೋದವು. ಅದು ವಿಷಾಣುವಿನ ರೋಗ. ಜ್ವರ ಬರುವದು, ಚರ್ಮದೊಳಗೆ ಗಟ್ಟಿ ಗಂಟುಗಳಾಗುವವು. ಗಜಕರ್ಣದಲ್ಲಿ ಜ್ವರವಿಲ್ಲ, ಗಂಟಿಲ್ಲ, ಮೇಲೆ ಬೂದಿಬಣ್ಣದ ಹೊಪ್ಪಳಿಕೆ ಮಾತ್ರ. ಸಂಶಯವಿದ್ದಲ್ಲಿ ವೈದ್ಯರಿಗೆ ತೋರಿಸುವದೇ ಸರಿ.

ಇನ್ನು ಪಾಠದ ಮುಖ್ಯ ಭಾಗಕ್ಕೆ ಬರೋಣ. ಮೇಲ್ಚರ್ಮದ ರೋಗವಾದ ಇದು ಕರುವಿನ ನೆತ್ತರಿನ ವರೆಗೆ ಹೇಗೆ ಮುಟ್ಟುವದು?

ಪ್ರಾಣವಾಯುವಿಲ್ಲದೆ ನಾವು ಕೆಲವೇ ನಿಮಿಷ ಬದುಕಬಲ್ಲೆವು. ಆದರೆ ಅದೇ ಪ್ರಾಣವಾಯುವು ಕಬ್ಬಿಣವನ್ನು ತುಕ್ಕು ಹಿಡಿಸುವದು, ಹೆಚ್ಚಿಟ್ಟ ಬದನೆಕಾಯಿಯನ್ನು ಕಪ್ಪಾಗಿಸುವದು, ಕುಸುಬೆಯ ಎಣ್ಣೆಯನ್ನು ತೆರೆದಿಟ್ಟರೆ ಕಮಟು ಹಿಡಿಸುವದು. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಈ ಕಮಟು ವಾಸನೆಯ ಪರಿಚಯ ಚೆನ್ನಾಗಿದೆ. ಎಣ್ಣೆಯ ಕಣಗಳನ್ನು ಪ್ರಾಣವಾಯುವು ಒಡೆದುದರ ಗುರುತು ಅದು. ದೇಹದ ಪ್ರತಿಯೊಂದು ಜೀವಕೋಶದ ಹೊರಕವಚವೂ ಇಂತಹ ಜಿಡ್ಡಿನ ಕಣಗಳಿಂದಲೇ ಆದದ್ದು. ಹಾಗಾದರೆ ಸದಾ ಪ್ರಾಣವಾಯುವನ್ನು ಹೀರುವ ನಮ್ಮ ಮೈಯೇಕೆ ಕಮಟು ಹಿಡಿಯುವದಿಲ್ಲ? ಒಂಬತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿಯು ಈ ಪ್ರಶ್ನೆಯನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರವನ್ನು ಪ್ರಯೋಗದಿಂದಲೇ ಕೊಟ್ಟೆವು.

ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಮಾರುವ ಹೈಡ್ರೋಜನ್ ಪೆರಾಕ್ಸೈಡ್ ಎಂಬ ನೀರಿನಂತಹ ದ್ರವವನ್ನು ಎರಡು ಗಾಜಿನ ಬಟ್ಟಲುಗಳಲ್ಲಿ ಹಾಕಿರಿ. ಒಂದರಲ್ಲಿ ಹಸಿಯ ಬಟಾಟೆಯ ಹೋಳನ್ನು ಬಿಡಿರಿ. ಕೂಡಲೇ ನೊರೆ ಉಕ್ಕುವದು. ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಬಟಾಟೆಯ ಹೋಳನ್ನು ಬಿಡಿರಿ. ಏನೂ ಆಗುವದಿಲ್ಲ. ಹಸಿಯ ಬಟಾಟೆಯಲ್ಲಿ ಕ್ಯಾಟಲೇಸ್ ಎಂಬ ಒಂದು ಕಿಣ್ವವಿದ್ದು, ಅದು ತೀಕ್ಷ್ಣವಾದ ಆ ದ್ರವವನ್ನು ಸಾದಾ ನೀರು ಮತ್ತು ಪ್ರಾಣವಾಯು ಎಂದು ಒಡೆದುಬಿಡುವದು. ಬೇಯಿಸಿದಾಗ ಕಿಣ್ವವು ಕೆಡುವದು. ಇದೇ ಕಿಣ್ವವು ನಿಮ್ಮ ನೆತ್ತರಿನಲ್ಲಿಯೂ ಕರುವಿನ ನೆತ್ತರಿನಲ್ಲಿಯೂ ಇದೆ. ಗಾಯಕ್ಕೆ ಆ ದ್ರವವನ್ನು ಹಾಕಿದಾಗ ನೊರೆ ಬರುವದು ಇದರಿಂದಲೇ. (ಪ್ರಯೋಗವನ್ನು ಗುರುಗಳ ಎದುರಿನಲ್ಲಿಯೇ ಮಾಡತಕ್ಕದ್ದು, ಕಣ್ಣಿಗೆ ಸಿಡಿಯಬಾರದು.)

ಕ್ಯಾಟಲೇಸ್ ಒಬ್ಬನೇ ಕಾವಲುಗಾರನಲ್ಲ. ದೇಹವು ಉಸಿರಾಡಿ ಅನ್ನವನ್ನು ಉರಿಸುವಾಗ ಸ್ವಲ್ಪ ಪ್ರಾಣವಾಯುವು ದಾರಿತಪ್ಪಿ, ಒಂದು ಹೆಚ್ಚಿನ ಎಲೆಕ್ಟ್ರಾನನ್ನು ಹೊತ್ತು, ಸೂಪರ್‌ಆಕ್ಸೈಡ್ ಎಂಬ ಉಗ್ರರೂಪ ತಾಳುವದು. ಇದನ್ನು ಹಿಡಿದು ಪೆರಾಕ್ಸೈಡಾಗಿ ಮಾಡುವ ಕಿಣ್ವವನ್ನು 1969ರಲ್ಲಿ ಅಮೇರಿಕೆಯ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ಇಬ್ಬರು ಗುರುಶಿಷ್ಯರು ಕಂಡುಹಿಡಿದರು. ಅದು ಕೆಲಸ ಮಾಡಬೇಕಾದರೆ ತಾಮ್ರ ಮತ್ತು ಸತುವು ಬೇಕು; ಅದರ ಇನ್ನೊಂದು ಬಗೆಗೆ ಮ್ಯಾಂಗನೀಸ್ ಬೇಕು. ಪೆರಾಕ್ಸೈಡನ್ನು ನೀರಾಗಿಸುವ ಕೆಲಸದಲ್ಲಿ ಕಬ್ಬಿಣವುಳ್ಳ ಕ್ಯಾಟಲೇಸಿನ ಜೊತೆಗೆ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬುದು ದುಡಿಯುವದು. ಅದರಲ್ಲಿ ಸೆಲೆನಿಯಂ ಇರುವದೆಂದು 1973ರಲ್ಲಿ ಗೊತ್ತಾಯಿತು. ಇವರೆಲ್ಲರ ಕೈ ತಪ್ಪಿ ಜಿಡ್ಡಿನ ಕವಚಕ್ಕೆ ಕಿಡಿ ಹತ್ತಿದರೆ ಆರಿಸಲು ಇ ಜೀವಸತ್ವವು ಅಲ್ಲಿಯೇ ಕಾದಿರುವದು. ಕಿಡಿಗಳ ಸಂಖ್ಯೆ ಹೆಚ್ಚಾಗಿ ಕಾವಲುಗಾರರ ಬಲ ಸಾಲದಾದಾಗ ಉಂಟಾಗುವ ಸ್ಥಿತಿಗೆ 'ಆಕ್ಸಿಡೇಟಿವ್ ಸ್ಟ್ರೆಸ್' ಎಂದು 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಎಂಬ ಜೀವರಸಾಯನ ಶಾಸ್ತ್ರಜ್ಞನು ಹೆಸರು ರೂಢಿಸಿದನು. ನಾವು ಅದನ್ನು ಉತ್ಕರ್ಷಣದ ಒತ್ತಡ ಎಂದು ಕರೆಯೋಣ. ಹೆಸರು ತೊಡಕಾದರೂ ಸಂಗತಿ ತೊಡಕಿನದಲ್ಲ.

ಈಗ ಕರುವಿನ ಚರ್ಮಕ್ಕೆ ಮರಳೋಣ. ಬೂಷ್ಟು ಬೇರೂರಿದೊಡನೆ ನೆತ್ತರಿನಿಂದ ಬಿಳಿಯ ಕಣಗಳು ಅಲ್ಲಿಗೆ ಧಾವಿಸುತ್ತವೆ. ಶತ್ರುವನ್ನು ನುಂಗುವಾಗ ಈ ಕಣಗಳು ಎಂದಿಗಿಂತ ಬಹಳ ಹೆಚ್ಚು ಪ್ರಾಣವಾಯುವನ್ನು ಹೀರುತ್ತವೆಂದು 1933ರಲ್ಲಿಯೇ ಕಂಡುಬಂದಿತ್ತು. ದುಡಿಮೆಗೆ ಶಕ್ತಿ ಬೇಕಲ್ಲವೇ, ಅದಕ್ಕಾಗಿ ಹೀರುತ್ತಿರಬಹುದೆಂದು ಆಗ ತಿಳಿದರು. ನಿಜವಾದ ಕಾರಣವು ನಲವತ್ತು ವರುಷಗಳ ಮೇಲೆ, 1973ರಲ್ಲಿ ಹೊರಬಿದ್ದಿತು. ಅವು ಪ್ರಾಣವಾಯುವನ್ನು ಉಸಿರಿಗಾಗಿ ಹೀರುತ್ತಿರಲಿಲ್ಲ. ಸೂಪರ್‌ಆಕ್ಸೈಡನ್ನು ಬೇಕೆಂದೇ ತಯಾರಿಸಿ ಶತ್ರುವಿನ ಮೇಲೆ ಎರಚುತ್ತಿದ್ದವು. ಅದರಿಂದ ಪೆರಾಕ್ಸೈಡನ್ನೂ, ಮುಂದುವರಿದು ಹೈಪೋಕ್ಲೋರಸ್ ಆಮ್ಲವನ್ನೂ ಮಾಡುತ್ತವೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ನೀರಿನಲ್ಲಿ ಹುಟ್ಟಿ ರೋಗಾಣುಗಳನ್ನು ಕೊಲ್ಲುವ ವಸ್ತುವು ಇದೇ. ಗ್ರಾಮಪಂಚಾಯತಿಯವರಿಗಿಂತ ಎಷ್ಟೋ ಮೊದಲೇ ನಮ್ಮ ನೆತ್ತರು ಈ ವಿದ್ಯೆಯನ್ನು ಬಲ್ಲದಾಗಿತ್ತು! ಹುಟ್ಟಿನಿಂದಲೇ ಈ ಸೂಪರ್‌ಆಕ್ಸೈಡನ್ನು ಮಾಡಲಾರದ ಮಕ್ಕಳು ಲೋಕದಲ್ಲಿ ಅಲ್ಲಲ್ಲಿ ಇದ್ದಾರೆ. ಅವರಿಗೆ ಬೂಷ್ಟಿನ ರೋಗಗಳು ಮೇಲಿಂದ ಮೇಲೆ ಬಂದು ಪುಪ್ಪುಸದವರೆಗೆ ಹಬ್ಬುವವು. ಆದ್ದರಿಂದ ಈ ಬೆಂಕಿಯು ಬೇಡವಾದದ್ದೆಂದು ತಿಳಿಯಬಾರದು.

ಆದರೆ ಬದುವಿನ ಹುಲ್ಲು ಸುಡಲು ಹಚ್ಚಿದ ಬೆಂಕಿಯು ಗಾಳಿ ತಿರುಗಿದರೆ ಬಣವೆಗೂ ಹತ್ತೀತು. ಬೂಷ್ಟು ಸುಲಭವಾಗಿ ಸಾಯುವ ಜಾತಿಯಲ್ಲ. ಅದಕ್ಕೂ ತನ್ನದೇ ಆದ ಕ್ಯಾಟಲೇಸ್ ಮೊದಲಾದ ಕಾವಲುಗಳಿವೆ. ಕಾದಾಟವು ವಾರಗಟ್ಟಲೆ, ಮೈಯ ಹತ್ತಾರು ಕಡೆ ನಡೆದಾಗ, ಕರುವಿನ ಸ್ವಂತ ಚರ್ಮದ ಕಣಗಳೂ ಸುಡುವವು, ಕಾವಲಿನ ಸಾಮಗ್ರಿಯೂ ವೆಚ್ಚವಾಗುವದು. ತುರ್ಕಸ್ಥಾನ, ಜೋರ್ಡಾನ್ ಮುಂತಾದ ದೇಶಗಳ ಪಶುವೈದ್ಯರು ಗಜಕರ್ಣವಾದ ಕರುಗಳ ನೆತ್ತರನ್ನೂ ಆರೋಗ್ಯವಂತ ಕರುಗಳ ನೆತ್ತರನ್ನೂ ಹೋಲಿಸಿ ನೋಡಿದ್ದಾರೆ. ರೋಗಿ ಕರುಗಳಲ್ಲಿ ಸತುವು, ಸೆಲೆನಿಯಂ ಮೊದಲಾದ ಖನಿಜಗಳು ಕಡಿಮೆಯಿರುವದೂ, ಮೇಲೆ ಹೇಳಿದ ಕಾವಲಿನ ಕಿಣ್ವಗಳ ಬಲವು ಕುಗ್ಗಿರುವದೂ ಇಂತಹ ಪರೀಕ್ಷೆಗಳಲ್ಲಿ ಕಂಡುಬಂದಿದೆ. ದೇಹದ ಜಿಡ್ಡು ಕಮಟು ಹಿಡಿದುದರ ಗುರುತಾದ ಮೆಲೊನ್‌ಡೈಆಲ್ಡಿಹೈಡ್ ಎಂಬ ವಸ್ತುವನ್ನೂ ಇಂತಹ ಪರೀಕ್ಷೆಗಳಲ್ಲಿ ಅಳೆಯುವರು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಸತುವು ಕಡಿಮೆಯಾದುದರಿಂದ ಗಜಕರ್ಣ ಬಂದಿತೋ, ಗಜಕರ್ಣ ಬಂದುದರಿಂದ ಸತುವು ಕಡಿಮೆಯಾಯಿತೋ? ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದರ ಕಾರಣವೆಂದು ತೀರ್ಮಾನಿಸುವದು ಅವಿಚಾರ. ಮೈಯಲ್ಲಿ ಯಾವ ಉರಿಯೂತವಾದರೂ ದೇಹವು ನೆತ್ತರಿನ ಸತುವನ್ನು ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ಬಚ್ಚಿಡುವದುಂಟು. ಹೀಗಾಗಿ ನೆತ್ತರಿನಲ್ಲಿ ಕಡಿಮೆ ಕಂಡರೆ ಮೇವಿನಲ್ಲಿಯೇ ಕಡಿಮೆಯೆಂದು ಹೇಳಲಾಗದು. ನಮ್ಮ ಅಭಿಪ್ರಾಯದಲ್ಲಿ ಎರಡೂ ದಿಕ್ಕಿನಿಂದ ಸತ್ಯವಿದೆ. ಸೊರಗಿದ ಕರುವಿಗೆ ರೋಗ ಬೇಗ ಹತ್ತುವದು, ಹತ್ತಿದ ರೋಗವು ಕರುವನ್ನು ಮತ್ತಷ್ಟು ಸೊರಗಿಸುವದು.

ಸೊರಗುವದಕ್ಕೆ ನಮ್ಮ ಕಡೆ ಕಾರಣಗಳಿಗೇನೂ ಬರವಿಲ್ಲ. ಸುಣ್ಣದಂಶ ಹೆಚ್ಚಾದ ಕರಿಯ ಎರೆಮಣ್ಣಿನಲ್ಲಿ ಸತುವು ಇದ್ದರೂ ಬೇರಿಗೆ ದಕ್ಕುವದು ಕಡಿಮೆ. ಮಳೆ ಹೋದ ಮೇಲೆ ಆರು ಏಳು ತಿಂಗಳು ಒಣ ಕಣಿಕೆಯೇ ಗತಿ. ಹಸಿಯ ಮೇವಿನಲ್ಲಿರುವ ಇ ಜೀವಸತ್ವವೂ, ಎ ಜೀವಸತ್ವಕ್ಕೆ ಮೂಲವಾದ ಹಳದಿಯ ವರ್ಣದ್ರವ್ಯವೂ ಬಿಸಿಲಿಗೆ ಒಣಗಿದ ಕಣಿಕೆಯಲ್ಲಿ ಬಹುಮಟ್ಟಿಗೆ ನಾಶವಾಗಿರುವವು. ಅದಕ್ಕಿಂತಲೂ ಹೆಚ್ಚಾಗಿ ನಮಗೆ ವ್ಯಸನವಾಗುವದು ಗಿಣ್ಣದ ಹಾಲಿನ ವಿಷಯದಲ್ಲಿ. ಈ ಎರಡು ಜೀವಸತ್ವಗಳು ತಾಯಿಯ ಗರ್ಭದಲ್ಲಿ ಕರುವಿಗೆ ಬಹಳ ಸ್ವಲ್ಪ ಮಾತ್ರ ಮುಟ್ಟುವವು. ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿ ಕುಡಿಯುವ ಗಿಣ್ಣದ ಹಾಲಿನಿಂದಲೇ ಅದು ತನ್ನ ಬಂಡವಾಳ ಕಟ್ಟಿಕೊಳ್ಳಬೇಕು. ರೋಗವನ್ನು ಎದುರಿಸುವ ಇತರ ಸತ್ವಗಳೂ ಅದರಲ್ಲಿಯೇ ಇವೆ. ನಾವು ಅದನ್ನು ಹಿಂಡಿ, ಗಿಣ್ಣ ಮಾಡಿ, ಓಣಿಯ ಮನೆಮನೆಗೆ ಹಂಚುತ್ತೇವೆ. ಹಂಚುವದು ಒಳ್ಳೆಯ ಪದ್ಧತಿಯೇ. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದುದನ್ನು ಹಂಚಿದರೆ ಆ ಪದ್ಧತಿಗೆ ಯಾವ ಊನವೂ ಬಾರದು.

ಇಷ್ಟು ಓದಿದ ಪಾಲಕರು, ಹಾಗಾದರೆ ಸೆಲೆನಿಯಂ, ತಾಮ್ರ, ಸತುವುಗಳನ್ನು ಮುಷ್ಟಿ ಮುಷ್ಟಿಯಾಗಿ ತಿನ್ನಿಸಿದರಾಯಿತೆಂದು ಹೊರಟಾರೆಂಬ ಭಯ ನಮಗಿದೆ. ದಯವಿಟ್ಟು ಹಾಗೆ ಮಾಡಬಾರದು. ಪಂಜಾಬಿನ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ಮಿತಿಮೀರಿ ಇದ್ದು, ಅಲ್ಲಿಯ ಮೇವು ತಿಂದ ದನಗಳ ಬಾಲದ ಕೂದಲು ಉದುರಿ ಗೊರಸುಗಳು ಕಳಚಿದ ದೃಷ್ಟಾಂತಗಳಿವೆ. ದನಗಳಿಗೆಂದು ಮಾಡಿದ ತಾಮ್ರವುಳ್ಳ ಖನಿಜ ಮಿಶ್ರಣವನ್ನು ಕುರಿಗಳಿಗೆ ಹಾಕಿದರೆ ಅವು ಸಾಯಬಹುದು. ಕುರಿಯ ದೇಹವು ತಾಮ್ರವನ್ನು ಹೊರಗೆ ಹಾಕಲಾರದು. ಪಶುವೈದ್ಯರು ಹೇಳಿದ ಮಿಶ್ರಣ, ಹೇಳಿದ ಪ್ರಮಾಣ, ಹೇಳಿದ ಪ್ರಾಣಿಗೆ ಮಾತ್ರ. ನುಗ್ಗೆ, ಚೊಗಚೆ, ಕುದುರೆಮೆಂತೆಗಳ ಹಸಿಯ ಸೊಪ್ಪು ದಿನಕ್ಕೊಂದು ಹಿಡಿ ಕರುವಿಗೆ ಸಿಕ್ಕರೆ ಯಾರನ್ನೂ ಕೇಳಬೇಕಾಗಿಲ್ಲ.

ಮದ್ದಿನ ಮಾತು. ಹಳೆಯ ಕಾಲದಲ್ಲಿ 'ಗೋವಾ ಪುಡಿ' ಎಂಬುದೊಂದು ಗಜಕರ್ಣಕ್ಕೆ ಪ್ರಸಿದ್ಧವಾಗಿತ್ತು. ಹೆಸರು ಗೋವೆಯದಾದರೂ ಅದು ಬ್ರಾಝಿಲ್ ದೇಶದ ಒಂದು ಮರದ ತಿರುಳಿನ ಪುಡಿ. ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬಂದು ಅಲ್ಲಿಂದ ಮುಂಬಯಿಗೆ ಹರಡಿತು. ಗುಣ ಕೊಡುತ್ತಿತ್ತು, ಚರ್ಮವನ್ನೂ ಸುಡುತ್ತಿತ್ತು, ಬಟ್ಟೆಗೆ ಹೋಗದ ಕಲೆ ಹಚ್ಚುತ್ತಿತ್ತು. 1939ರಲ್ಲಿ ಲಂಡನ್ನಿನ ಶಾಸ್ತ್ರಜ್ಞರು ಒಂದು ಬೂಷ್ಟಿನಿಂದಲೇ ಗ್ರೈಸಿಯೋಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಹೊಟ್ಟೆಗೆ ಕೊಟ್ಟು ಗಿನಿಯಿಲಿಗಳ ಗಜಕರ್ಣವನ್ನು ವಾಸಿ ಮಾಡಬಹುದೆಂದು 1958ರಲ್ಲಿ ಜೆಂಟಲ್ಸ್ ಎಂಬವರು ತೋರಿಸಿಕೊಟ್ಟರು. ಬೂಷ್ಟಿಗೆ ಬೂಷ್ಟೇ ಮದ್ದಾಯಿತು. ಆದರೂ ಹಾಲು ಮಾಂಸಗಳ ಮೂಲಕ ಮನುಷ್ಯನಿಗೆ ಮುಟ್ಟಬಾರದೆಂದು ಅನೇಕ ದೇಶಗಳಲ್ಲಿ ಅದನ್ನು ದನಗಳಿಗೆ ಕೊಡುವದಿಲ್ಲ. ಹೊಪ್ಪಳಿಕೆಯನ್ನು ಮೃದುವಾಗಿ ನೆನೆಸಿ ತೆಗೆದು, ಸುಟ್ಟು, ವೈದ್ಯರು ಕೊಟ್ಟ ಔಷಧವನ್ನು ಉಂಗುರದ ಹೊರಗಿನ ಅಂಚಿನ ಆಚೆಗೂ ಹಚ್ಚುವದು, ಕರುವನ್ನು ಬಿಸಿಲಿನಲ್ಲಿ, ಇತರ ಕರುಗಳಿಂದ ದೂರ ಕಟ್ಟುವದು, ಹಗ್ಗ ಬದಲಿಸುವದು. ಇಷ್ಟೇ ಚಿಕಿತ್ಸೆ. ಟ್ರ್ಯಾಕ್ಟರಿನ ಹಳೆಯ ಎಣ್ಣೆಯಲ್ಲಿ ಸೀಸ ಮೊದಲಾದ ವಿಷಗಳಿರುವವು. ಕರು ಮೈ ನೆಕ್ಕಿಕೊಂಡು ಅವನ್ನು ನುಂಗುವದು. ಬ್ಯಾಟರಿಯ ಆಮ್ಲವನ್ನು ಹಚ್ಚುವವರ ವಿಷಯವಾಗಿ ನಾವು ಏನನ್ನು ಬರೆಯುವದಕ್ಕೂ ನಾಚುತ್ತೇವೆ.

ನಾರ್ವೆ ದೇಶದ ಉದಾಹರಣೆಯನ್ನು ಮಾತ್ರ ಹೇಳಲೇಬೇಕು. ದೀರ್ಘವಾದ ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿಯೇ ಇರುವ ಅಲ್ಲಿಯ ದನಗಳಿಗೆ ಗಜಕರ್ಣವು ಮನೆಮನೆಯ ರೋಗವಾಗಿದ್ದು, ತೊಗಲು ಕೆಟ್ಟು ನಷ್ಟವಾಗುತ್ತಿತ್ತು. ಸೋವಿಯತ್ ರಶಿಯದ ಸಾರ್ಕಿಸೊವ್ ಮತ್ತು ಅವನ ಸಂಗಡಿಗರು ಬಲಗುಂದಿಸಿದ ಜೀವಂತ ಬೂಷ್ಟಿನಿಂದ ಒಂದು ಲಸಿಕೆಯನ್ನು ಸಿದ್ಧಗೊಳಿಸಿದ್ದರು. 1980ರ ಸುಮಾರಿಗೆ ನಾರ್ವೆಯ ಗೌಸ್‌ಡಾಲ್ ಎಂಬ ಪ್ರಾಂತದಲ್ಲಿ ಅದನ್ನು ಬಹುತೇಕ ಎಲ್ಲ ಕೊಟ್ಟಿಗೆಗಳಲ್ಲಿ ಹಾಕತೊಡಗಿದರು. ಆರಂಭದಲ್ಲಿ ನೂರಕ್ಕೆ 70ರಷ್ಟು ಕೊಟ್ಟಿಗೆಗಳಲ್ಲಿದ್ದ ರೋಗವು ಎಂಟು ವರುಷಗಳಲ್ಲಿ ಸೊನ್ನೆಗೆ ಇಳಿಯಿತು. ಒಂದೆರಡು ಮನೆಯವರು ಹಾಕಿಸಿ ಉಳಿದವರು ಬಿಟ್ಟಿದ್ದರೆ ಈ ಫಲ ದೊರೆಯುತ್ತಿರಲಿಲ್ಲ.

ಹುಡುಗನ ಮುಲಾಮಿನ ಸಂಗತಿಯನ್ನು ಹೇಳದೆ ಬಿಡಲಾಗದು. ಇಂತಹ ಕೊಳವೆಗಳು ಪ್ರತಿಯೊಂದು ಮನೆಯ ಮಾಡದಲ್ಲಿ ಇವೆ. ಅದರಲ್ಲಿ ಸ್ಟೀರಾಯ್ಡ್ ಎಂಬ ಮದ್ದು ಬೆರೆತಿರುವದು. ಅದು ಬೂಷ್ಟನ್ನು ಕೊಲ್ಲುವದಿಲ್ಲ. ನಾವು ಮೇಲೆ ವರ್ಣಿಸಿದ ಬಿಳಿಯ ಕಣಗಳ ಬೆಂಕಿಯನ್ನು ಆರಿಸುವದು. ಬೆಂಕಿ ಆರಿದೊಡನೆ ಕೆಂಪು ಇಳಿಯುವದು, ತುರಿಕೆ ನಿಲ್ಲುವದು, ರೋಗ ಹೋಯಿತೆಂದು ನಂಬುವೆವು. ಕಾವಲಿಲ್ಲದ ಹೊಲದಲ್ಲಿ ಬೂಷ್ಟು ಹಾಯಾಗಿ ಹಬ್ಬುವದು. ನಮ್ಮ ದೇಶದಲ್ಲಿ ಈಚಿನ ವರುಷಗಳಲ್ಲಿ ಮನುಷ್ಯರ ಗಜಕರ್ಣವು ಮದ್ದಿಗೆ ಬಗ್ಗದೆ ಮನೆಮಂದಿಗೆಲ್ಲ ಹರಡುತ್ತಿರುವದಕ್ಕೆ ಇಂತಹ ಮುಲಾಮುಗಳ ದುರುಪಯೋಗವು ಒಂದು ದೊಡ್ಡ ಕಾರಣವೆಂದು ಚರ್ಮವೈದ್ಯರು ಹೇಳುತ್ತಿದ್ದಾರೆ. ತಲೆಯಲ್ಲಿ ಆದರಂತೂ ಮುಲಾಮು ಸಾಲದು. ಗುಳಿಗೆ ಬೇಕು, ತಡವಾದರೆ ಕೂದಲು ಮರಳಿ ಬಾರದೆ ಹೋದೀತು.

ಹುಡುಗನನ್ನು ನಾವೇ ತಾಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚಿಕಿತ್ಸೆ ಆರಂಭವಾಗಿ, ಗಾಯವನ್ನು ತೋಳಿನ ಅಂಗಿಯಿಂದ ಮುಚ್ಚಿಕೊಂಡರೆ ಶಾಲೆಗೆ ಬರಲು ಅಡ್ಡಿಯಿಲ್ಲವೆಂದು ಡಾಕ್ಟರರು ಹೇಳಿದಾಗ ನಮ್ಮ ಹಳೆಯ ಚೀಟಿಯ ನೆನಪಾಗಿ ಮೋರೆ ತಗ್ಗಿಸಿದೆವು. ಒಂದು ದಿನದ ಕೆಲಸಕ್ಕೆ ಒಂದು ತಿಂಗಳ ಪಾಠ ಹೋಗಿತ್ತು. ಮರುದಿನ ಪ್ರಾರ್ಥನೆಯ ವೇಳೆಗೆ ಎಲ್ಲ ಮಕ್ಕಳ ಎದುರಿನಲ್ಲಿ, ತಪ್ಪು ನಮ್ಮದೆಂದು ಹೇಳಿ, ಅವನನ್ನು ಅವನ ಮೊದಲಿನ ಜಾಗದಲ್ಲಿಯೇ ಕೂಡ್ರಿಸಿದೆವು. ಬಟಾಟೆಯ ಪ್ರಯೋಗದ ದಿನ ಒಂಬತ್ತನೆಯ ಇಯತ್ತೆಯವರ ಜೊತೆಗೆ ಅವನನ್ನೂ ಕರೆದಿದ್ದೆವು.

ಸಂಕ್ರಾಂತಿಯ ಮೇಲೆ ಕರುಗಳ ಕಣ್ಣಿನ ಸುತ್ತ ನವಿರಾದ ಹೊಸ ಕೂದಲು ಮೂಡಿತು. ಆಗ ಅವನು ನಮಗೊಂದು ಪ್ರಶ್ನೆ ತಂದನು. ಎರಡೂ ಕರುಗಳ ನಡುವೆಯೇ ಒಂದು ಹಸುವನ್ನು ಕಟ್ಟಿದ್ದರು, ಅದು ದಿನಾಲು ಅವುಗಳನ್ನು ನೆಕ್ಕುತ್ತಿತ್ತು, ಅದಕ್ಕೇಕೆ ಒಂದು ಉಂಗುರವೂ ಆಗಲಿಲ್ಲ? ಮನೆಗೆ ಹೋಗಿ ಅಜ್ಜನನ್ನು ಕೇಳೆಂದೆವು. ಆ ಹಸುವನ್ನು ಎಳೆಗರುವಾಗಿದ್ದಾಗ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಿಂದ ಕೊಂಡು ತಂದಾಗ ಅದರ ಕೊರಳಿಗೆ ಇಂತಹವೇ ಬೂದಿಯ ಉಂಗುರಗಳಿದ್ದವೆಂದೂ, ಅದಕ್ಕಾಗಿಯೇ ಅದು ಕಡಿಮೆ ಬೆಲೆಗೆ ಸಿಕ್ಕಿತ್ತೆಂದೂ ಅಜ್ಜನು ಹೇಳಿದನಂತೆ. ಒಮ್ಮೆ ಈ ಬೂಷ್ಟಿನೊಡನೆ ಕಾದಾಡಿ ಗೆದ್ದ ದನದ ನೆತ್ತರಿನ ಕಣಗಳು ಅದರ ಗುರುತನ್ನು ಬಹುಕಾಲ ಮರೆಯುವದಿಲ್ಲ. ಗೌಸ್‌ಡಾಲಿನ ಲಸಿಕೆಯು ಕೆಲಸ ಮಾಡಿದ್ದೂ ಇದೇ ನೆನಪಿನ ಬಲದಿಂದ. ಹುಡುಗನು ಈ ಉತ್ತರವನ್ನು ತನ್ನ ವಿಜ್ಞಾನದ ವಹಿಯಲ್ಲಿ, ಹಸುವಿನ ಚಿತ್ರ ಸಹಿತವಾಗಿ, ಬರೆದುಕೊಂಡು ಬಂದನು.